ತರುಣ ರಾಷ್ಟ್ರದ ಮುಪ್ಪಿನ ಲೆಕ್ಕ

ಭಾರತವು ತರುಣರ ದೇಶವೆಂಬ ಮಾತು ವಾಣಿಜ್ಯ ಸಮ್ಮೇಳನಗಳಲ್ಲಿ ಮಂತ್ರದಂತೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ದೇಶದ ಅರ್ಧಕ್ಕೂ ಹೆಚ್ಚು ಜನ ಇನ್ನೂ ಮೂವತ್ತನ್ನು ದಾಟಿಲ್ಲ. ಆದರೆ ಈ ತಾರುಣ್ಯಕ್ಕೂ ಒಂದು ಅವಧಿಯಿದೆ. 2050ರಲ್ಲಿ ಅರವತ್ತು ದಾಟಿರುವವರೆಲ್ಲರೂ ಈಗಾಗಲೇ ಹುಟ್ಟಿರುವುದರಿಂದ ಆ ಅವಧಿಯನ್ನು ಅಳೆಯುವುದು ಜನಸಂಖ್ಯಾ ತಜ್ಞರಿಗೆ ಕಷ್ಟವೇನಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಬ್ಬ ಮಹಿಳೆಗೆ ಜನಿಸುವ ಮಕ್ಕಳ ಸರಾಸರಿ ಸಂಖ್ಯೆ 1992-93ರಲ್ಲಿ 3.4 ಇದ್ದದ್ದು 2019-21ರ ವೇಳೆಗೆ 2.0ಕ್ಕೆ ಇಳಿಯಿತು. ಒಂದು ತಲೆಮಾರಿನ ಸ್ಥಾನವನ್ನು ಮುಂದಿನದು ತುಂಬಲು 2.1 ಬೇಕು. ಹಾಗಿದ್ದೂ ಜನಸಂಖ್ಯೆ ಏರುತ್ತಲೇ ಇದೆ. ಹಿಂದಿನ ದಶಕಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಅಪಾರ ಸಂಖ್ಯೆಯಲ್ಲಿ ತಾಯ್ತನದ ವಯಸ್ಸಿನಲ್ಲಿರುವುದರಿಂದ, ತಲಾ ಎರಡೇ ಮಕ್ಕಳಾದರೂ ಜನನಗಳು ಮರಣಗಳನ್ನು ಮೀರುತ್ತವೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2060ರ ದಶಕದ ಆರಂಭದಲ್ಲಿ ಜನಸಂಖ್ಯೆ ಸುಮಾರು 170 ಕೋಟಿ ಮುಟ್ಟಿ ಅನಂತರ ಇಳಿಯತೊಡಗುತ್ತದೆ.

ಏರಿಕೆಯ ಚಿಂತೆಯಲ್ಲಿ ಮುಪ್ಪಿನ ಚಿಂತೆ ಮರೆಯಾಗಿದೆ. 2011ರ ಜನಗಣತಿಯಲ್ಲಿ ಅರವತ್ತು ಮೀರಿದವರು ಸುಮಾರು 10.4 ಕೋಟಿ, ಅಂದರೆ ಶೇ. 8.6. 2050ರ ವೇಳೆಗೆ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗುವ ನಿರೀಕ್ಷೆಯಿದೆ. ಅರವತ್ತೈದು ದಾಟಿದವರ ಪಾಲು ಶೇ. 7ರಿಂದ 14ಕ್ಕೇರಲು ಫ್ರಾನ್ಸಿಗೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜಪಾನಿಗೆ ಕಾಲು ಶತಮಾನ ಸಾಕಾಯಿತು, ಆದರೆ ಜಪಾನ್ ಆ ವೇಳೆಗೆ ಸಿರಿವಂತ ರಾಷ್ಟ್ರವಾಗಿತ್ತು. ಭಾರತಕ್ಕೆ ಅಂತಹ ಸೌಲಭ್ಯವಿಲ್ಲ.

ಈ ಬದಲಾವಣೆ ಎಲ್ಲ ರಾಜ್ಯಗಳಲ್ಲಿ ಏಕಪ್ರಕಾರವಾಗಿಲ್ಲ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7, ಬಿಹಾರದ್ದು 3.0. ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿ, ಹೋಟೆಲುಗಳಲ್ಲಿ ಹೊರರಾಜ್ಯದ ಕಾರ್ಮಿಕರೇ ಎದ್ದು ಕಾಣುವುದರ ಹಿಂದೆ ಕೂಲಿಯ ವ್ಯತ್ಯಾಸದ ಜೊತೆಗೆ ಈ ಅಂತರವೂ ಇದೆ. ಆ ರಾಜ್ಯಗಳಲ್ಲಿಯೂ ಜನನ ದರ ಇಳಿಯುತ್ತಿರುವುದನ್ನು ಉದ್ಯಮಿಗಳು ಗಮನಿಸಬೇಕು.

ದುಡಿಮೆಗಾರರಲ್ಲಿ ಬಹುಪಾಲು ಮಂದಿ ಅಸಂಘಟಿತ ವಲಯದವರು. ಅವರಿಗಾಗಿ 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯು ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗೆ ಖಾತರಿ ನೀಡುತ್ತದೆ. ಈ ಮೊತ್ತ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವುದಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಸೇರಿದವನಿಗೆ, ವರ್ಷಕ್ಕೆ ಶೇ. 6ರ ಬೆಲೆಯೇರಿಕೆ ಹಿಡಿದರೆ, ಗರಿಷ್ಠ 5,000 ರೂಪಾಯಿಯ ಕೊಳ್ಳುವ ಶಕ್ತಿ ಅರವತ್ತರ ಹೊತ್ತಿಗೆ ಸೇರಿದ ದಿನದ ಸುಮಾರು 650 ರೂಪಾಯಿಯಷ್ಟಾಗುತ್ತದೆ. ಔಷಧಿಯ ಖರ್ಚಿಗೂ ಅದು ಸಾಲದು.

ಭವಿಷ್ಯ ನಿಧಿಯು ಕಡ್ಡಾಯವಾಗುವುದು ಇಪ್ಪತ್ತು ನೌಕರರ ಸಂಸ್ಥೆಗಳಿಂದ ಮೇಲೆ. ಹಾಜರಿ ಪುಸ್ತಕವನ್ನು ಹತ್ತೊಂಬತ್ತಕ್ಕೇ ನಿಲ್ಲಿಸುವ ಜಾಣ್ಮೆ ವ್ಯಾಪಾರ ವಲಯಕ್ಕೆ ಅಪರಿಚಿತವಲ್ಲ. ಆದರೆ ಮಾಲೀಕರೂ ಬಹುಪಾಲು ನೌಕರರೂ ಒಪ್ಪಿದಲ್ಲಿ ಅದಕ್ಕಿಂತ ಚಿಕ್ಕ ಸಂಸ್ಥೆಗಳೂ ಸ್ವಇಚ್ಛೆಯಿಂದ ಈ ವ್ಯವಸ್ಥೆಯನ್ನು ಸೇರಲು ಕಾನೂನಿನಲ್ಲಿ ಅವಕಾಶವಿದೆ.