ಬಯಲುಸೀಮೆಯ ಬಿಸಿಲು, ಹಳೆಯ ಕಾರಿನ ರೆಕ್ಸಿನ್ ಟಾಪು

ಹಳೆಯ ಕಾರುಗಳ ಚಾವಣಿಯ ಮೇಲೆ ಕಾಣುವ ಕಪ್ಪು ಹೊದಿಕೆ ನೋಡಲು ಚರ್ಮದಂತಿದ್ದರೂ ಚರ್ಮವಲ್ಲ, ವಿನೈಲ್. ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಲೇಪಿಸಿ, ಚರ್ಮದ ಗೆರೆಗಳಂತೆ ಅಚ್ಚೊತ್ತಿ ಮಾಡಿದ ಹಾಳೆ ಅದು. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮುರಿನಲ್ಲಾಗಲಿ ಕುಶನ್ ಅಂಗಡಿಯಲ್ಲಿ ಕೇಳಬೇಕಾದರೆ ರೆಕ್ಸಿನ್ ಎಂದೇ ಕೇಳಬೇಕು. ಆಟೋದ ಟಾಪು, ಜೀಪಿನ ಹುಡ್, ಬೈಕಿನ ಸೀಟು ಎಲ್ಲವೂ ಅದೇ ಜಾತಿಯ ಮಾಲು.

ಅಮೆರಿಕದ ಫೋರ್ಡ್ ಕಂಪನಿ 1962ರ ಥಂಡರ್‌ಬರ್ಡ್ ಲ್ಯಾಂಡೋ ಮಾದರಿಗೆ ವಿನೈಲ್ ಚಾವಣಿ ಹಾಕಿತು. ಆಮೇಲೆ ಹತ್ತು ಹದಿನೈದು ವರ್ಷ ಅದೇ ಷೋಕಿ. ಬಟ್ಟೆ ಟಾಪಿನ ಕಾರಿನ ಗತ್ತು ಬೇಕು, ಮಳೆಗೆ ಸೋರುವ ತಾಪತ್ರಯ ಬೇಡ ಎನ್ನುವವರಿಗಾಗಿ ಗಟ್ಟಿ ತಗಡಿನ ಮೇಲೇ ಅಂಟಿಸಿಕೊಟ್ಟ ವೇಷ ಅದು. ಭಾರತದಲ್ಲೂ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದ ಕೆಲವರು ಕುಶನ್ ಕೆಲಸದವರಿಂದ ರೆಕ್ಸಿನ್ ಅಂಟಿಸಿಕೊಂಡರು. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿರುವುದರಿಂದ ಉಳಿದಿರುವ ಗಾಡಿಗಳೆಲ್ಲ ಈಗ ಜೋಪಾನದ ವಸ್ತುಗಳೇ.

ಪಿವಿಸಿ ಹುಟ್ಟಿನಿಂದ ಮೆತ್ತನೆಯ ಪದಾರ್ಥವಲ್ಲ. ಬೋರ್‌ವೆಲ್‌ಗೆ ಇಳಿಸುವ ಕೇಸಿಂಗ್ ಪೈಪ್ ಕೂಡ ಪಿವಿಸಿಯೇ. ಆ ಗಡಸು ಪದಾರ್ಥವನ್ನು ಬಟ್ಟೆಯಂತೆ ಬಾಗುವ ಹಾಗೆ ಮಾಡುವ ದಾರಿಯನ್ನು 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನ ವಿಜ್ಞಾನಿ ವಾಲ್ಡೋ ಸೆಮನ್ ಕಂಡುಕೊಂಡರು. ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವವನ್ನು ಅದರೊಳಗೆ ಸೇರಿಸುವುದೇ ಆ ದಾರಿ. ಮೆತ್ತನೆಯ ವಿನೈಲ್‌ನಲ್ಲಿ ಮೂರನೇ ಒಂದು ಪಾಲಿನಷ್ಟು ಈ ದ್ರವವೇ ಇರಬಹುದು. ಅದು ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಒಳಗೆ ಸೇರಿಕೊಂಡಿರುತ್ತದೆ ಅಷ್ಟೆ. ಬಿಸಿ ಏರಿದಷ್ಟೂ ಮೇಲಕ್ಕೆ ಬಂದು ಆರಿಹೋಗುತ್ತದೆ. ಟಾಪು ಗಡಸಾಗುವುದು, ಕುಗ್ಗುವುದು, ಹಿಂದಿನ ಗಾಜಿನ ಅಂಚಿನಲ್ಲಿ ಬಿಟ್ಟುಕೊಳ್ಳುವುದು, ಕೊನೆಗೆ ಸೀಳುವುದು ಎಲ್ಲವೂ ಇದರಿಂದಲೇ. ಜೊತೆಗೆ ಬಿಸಿಲಿನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಸರಪಳಿಯನ್ನೇ ಕೆಡಿಸುತ್ತವೆ. ಆಗ ಹೊರಬೀಳುವ ಹೈಡ್ರೋಜನ್ ಕ್ಲೋರೈಡ್ ಮುಂದಿನ ಹಾನಿಗೆ ವೇಗ ಕೊಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಏಪ್ರಿಲ್ ಹೊತ್ತಿಗೆ ನೆರಳಿನಲ್ಲೇ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ಊರಿನಲ್ಲಿ ಬಯಲಿಗೆ ನಿಂತ ಕಾರಿನ ಕಪ್ಪು ಚಾವಣಿ 70 ಡಿಗ್ರಿ ದಾಟುವುದು ಸುಲಭ. ಕರಾವಳಿಯಲ್ಲಿ ಹಾಗಲ್ಲ. ಮಂಗಳೂರಿನಂಥ ಕಡೆ ಟಾಪು ಮೇಲೆ ಚೆನ್ನಾಗಿ ಕಾಣುತ್ತಿರುವಾಗಲೇ ಅಡಿಯಲ್ಲಿ ನೀರು ನಿಂತು ತಗಡು ತುಕ್ಕು ಹಿಡಿದಿರುತ್ತದೆ. ಬಯಲುಸೀಮೆಯ ಗಾಡಿಯಲ್ಲಿ ಸಾಮಾನ್ಯವಾಗಿ ತಗಡು ಗಟ್ಟಿ, ಕೆಟ್ಟಿರುವುದು ಮೇಲಿನ ರೆಕ್ಸಿನ್. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲೋ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲೋ ಸೂರಿನಡಿ ನಿಂತ ಕಾರುಗಳಿಗೆ ಈ ಕಾಟವಿಲ್ಲ. ಮನೆ ಮುಂದೆ ಬೇವಿನ ಮರದ ಅರೆನೆರಳನ್ನೇ ನಂಬಿದ ಗಾಡಿಗೆ ಆರೈಕೆ ಬೇಕು.

ತೊಳೆಯುವ ಮೊದಲು ಟಾಪಿನ ಮೇಲೆ ಕೈಯಾಡಿಸಿ ನೋಡಬೇಕು. ಹೊಲಿಗೆ ಬಿಟ್ಟಿದೆಯೇ, ಅಂಚು ಎದ್ದಿದೆಯೇ, ಎಲ್ಲಾದರೂ ಉಬ್ಬಿದೆಯೇ? ಉಬ್ಬಿದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಒಳಗೆ ಚರಚರ ಎಂದರೆ ಅಲ್ಲಿ ತುಕ್ಕಿನ ಹೊಪ್ಪಳೆ ಎದ್ದಿದೆ ಎಂದೇ ಅರ್ಥ. ಸದ್ದಿಲ್ಲದೆ ಮೆತ್ತಗೆ ತಗ್ಗಿದರೆ ಅಂಟು ಬಿಟ್ಟಿರುತ್ತದೆ ಅಷ್ಟೆ. ಬಾಯಿ ಬಿಟ್ಟ ಹೊಲಿಗೆಯಿದ್ದರೆ ಮೊದಲು ಅದನ್ನು ಸರಿಪಡಿಸಿಯೇ ನೀರು ಮುಟ್ಟಿಸಬೇಕು.

ತೊಳೆಯುವುದಕ್ಕೆ ಹೊತ್ತು ಬೆಳಗಿನದು, ಬಿಸಿಲೇರುವ ಮುಂಚೆ. ಒಣ ಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಎಲ್ಲ ಕಡೆ ಇದೆ, ಟಾಪಿಗೆ ಅದಕ್ಕಿಂತ ಕೆಟ್ಟದ್ದು ಕಡಿಮೆ. ಕೆಂಪು ನೆಲದ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಉಜ್ಜಿದಷ್ಟೂ ಅವು ಮೇಲ್ಮೈ ಗೀರುತ್ತವೆ. ಮೊದಲು ಮಗ್ಗಿನಿಂದ ನೀರು ಸುರಿದು ಧೂಳನ್ನು ಹರಿಯಬಿಡಬೇಕು. ಆಮೇಲೆ ಕಾರಿನ ಶಾಂಪೂವನ್ನೋ ಸೌಮ್ಯವಾದ ಸೋಪಿನ ದ್ರವವನ್ನೋ ನೀರಿಗೆ ಬೆರೆಸಿ, ಮೆತ್ತನೆ ಕೂದಲಿನ ಬ್ರಷ್ಷಿನಿಂದ ಒಂದೊಂದೇ ಅಡಿ ಜಾಗವನ್ನು ಸುತ್ತಿಸಿ ಸುತ್ತಿಸಿ ಉಜ್ಜಬೇಕು. ಬಟ್ಟೆ ಇಲ್ಲಿ ಸಾಲದು. ಕೊಳೆ ಕೂತಿರುವುದು ಅಚ್ಚಿನ ಗೆರೆಗಳ ಆಳದಲ್ಲಿ, ಅಲ್ಲಿಗೆ ತಲುಪುವುದು ಬ್ರಷ್ಷಿನ ಕೂದಲು ಮಾತ್ರ. ವರ್ಷಗಟ್ಟಲೆ ಮುಟ್ಟದ ಟಾಪಿನಲ್ಲಿ ಮೊದಲ ಸಲ ಏಳುವ ನೊರೆ ಕಾಫಿ ಬಣ್ಣಕ್ಕಿರುತ್ತದೆ. ನೊರೆ ಬೆಳ್ಳಗಾಗುವವರೆಗೂ ಅದೇ ಜಾಗ ಬಿಡಬಾರದು. ಹೊಲಿಗೆ ಸಾಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ಅಲ್ಲಿ ನೊರೆಯಷ್ಟೇ ಬಳಸಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ವಾಟರ್ ಸರ್ವಿಸ್‌ನವರ ಪ್ರೆಷರ್ ಪಂಪಿನ ಧಾರೆಯನ್ನು ಟಾಪಿಗೆ ಹಿಡಿಯಗೊಡಬಾರದು. ಸಡಿಲಾದ ಅಂಚಿನೊಳಗೆ ನುಗ್ಗಿದ ನೀರು ಹಾಳೆಯನ್ನೇ ಎಬ್ಬಿಸುತ್ತದೆ.

ಈ ಸೀಮೆಯಲ್ಲಿ ನೀರಿನದೇ ಒಂದು ಸಮಸ್ಯೆ. ಬೋರ್‌ವೆಲ್ ನೀರು ಗಡಸು; ಸೋಪು ಸುಲಭವಾಗಿ ನೊರೆ ಕೊಡುವುದಿಲ್ಲ, ಒಣಗಿದ ಮೇಲೆ ಕಪ್ಪು ಟಾಪಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬಿಸಿಲಿನಲ್ಲಿ ತೊಳೆದರಂತೂ ಒಂದೊಂದು ಹನಿಯೂ ಅದರದರ ಗುರುತು ಬಿಟ್ಟೇ ಹೋಗುತ್ತದೆ. ತೊಳೆಯಲು ಬೋರಿನ ನೀರನ್ನೇ ಬಳಸಿ, ಕೊನೆಯ ಒಂದು ಸುತ್ತಿಗೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಒಂದು ಕ್ಯಾನ್ ನೀರು ಸುರಿದರೆ ಕಲೆ ಉಳಿಯದು. ಆಗಲೇ ಕೂತ ಬಿಳಿ ಕಲೆಗೆ ಒಂದು ಪಾಲು ವಿನೆಗರ್, ಹತ್ತು ಪಾಲು ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದುಬಿಡಬೇಕು. ಕೊನೆಗೆ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆದು ನೆರಳಿನಲ್ಲಿ ಪೂರ್ತಿ ಆರಬಿಡಬೇಕು.

ಹಕ್ಕಿ ಹಿಕ್ಕೆ ಬಿದ್ದರೆ ಅಂದೇ ನೆನೆಸಿ ತೆಗೆಯಬೇಕು, ಬಿಸಿಲಿಗೆ ಒಣಗಿದ ಮೇಲೆ ಅದು ಬಣ್ಣ ತಿನ್ನುತ್ತದೆ. ಡಾಂಬರು, ಗ್ರೀಸ್ ಕಲೆಗೆ ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹಚ್ಚುವುದು ಕಲೆಯ ಜೊತೆಗೆ ಪ್ಲಾಸ್ಟಿಸೈಜರನ್ನೂ ಎಳೆದುಹಾಕುವ ಕೆಲಸ. ಬ್ಲೀಚು, ಬಟ್ಟೆ ಸೋಡಾ ಕೂಡ ಬೇಡ. ಸ್ವಲ್ಪ ಕಲೆ ಉಳಿದರೆ ಉಳಿಯಲಿ ಎನ್ನುವುದೇ ಜಾಣತನ.

ಇನ್ನು ಎಣ್ಣೆಯ ಮಾತು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆಗೇನು ಬರ? ಎರಡು ಹನಿ ಹಾಕಿ ಒರೆಸಿದರೆ ಮಂಕಾದ ರೆಕ್ಸಿನ್ ಹೊಸದರಂತೆ ಹೊಳೆಯುವುದೂ ನಿಜ. ಆ ಹೊಳಪು ಹೆಚ್ಚು ದಿನದ್ದಲ್ಲ. ಎಣ್ಣೆ ಗಾಳಿಗೆ ಕಮಟಿ ಜಿಗುಟಾಗುತ್ತದೆ, ದಾರಿಯ ಧೂಳನ್ನೆಲ್ಲ ಹಿಡಿದುಕೊಂಡು ಗೆರೆಗಳಲ್ಲಿ ಕಪ್ಪು ಕಿಟ್ಟವಾಗಿ ಕೂರುತ್ತದೆ. ಅಷ್ಟರಲ್ಲಿ ಒಳಗಿನ ಪ್ಲಾಸ್ಟಿಸೈಜರನ್ನೂ ಒಂದಿಷ್ಟು ಹೀರಿರುತ್ತದೆ. ಕೊಬ್ಬರಿ ಎಣ್ಣೆ, ಡೀಸೆಲ್ ಒರೆಸಿದರೂ ಇದೇ ಗತಿ. ಕಪ್ಪು ಬೂಟ್ ಪಾಲಿಷ್ ಹಚ್ಚಿದರೆ ಒರಗಿದವರ ಅಂಗಿಗೆ ಬಣ್ಣ ಹತ್ತುತ್ತದೆ. ಕಾರಿನ ಬಣ್ಣಕ್ಕೆ ಹಾಕುವ ವ್ಯಾಕ್ಸ್ ಪಾಲಿಷ್ ಗೆರೆಗಳೊಳಗೆ ಬೆಳ್ಳಗೆ ಉಳಿದುಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಜಿಡ್ಡಿನ ಸಿಲಿಕೋನ್ ದ್ರವ ವಿನೈಲನ್ನು ಅಷ್ಟಾಗಿ ಕೆಡಿಸದಿದ್ದರೂ ಮುಂದೆ ಬಣ್ಣ ಹೊಡೆಸುವಾಗ, ಅಂಟು ಹಾಕಿಸುವಾಗ ಹಿಡಿತ ಕೊಡದೆ ಕಾಡುತ್ತದೆ.

ಹಚ್ಚಲು ಯೋಗ್ಯವಾದದ್ದು ನೀರಿನ ಆಧಾರದ, ನೇರಳಾತೀತ ಕಿರಣ ತಡೆಯುವ ವಿನೈಲ್ ಪ್ರೊಟೆಕ್ಟೆಂಟ್. ಅದರಲ್ಲಿನ ಪದಾರ್ಥ ಕಿರಣಗಳನ್ನು ತಾನು ಹೀರಿ ತಾನೇ ಸವೆಯುವುದರಿಂದ ಒಮ್ಮೆ ಹಚ್ಚಿ ವರ್ಷವಿಡೀ ಮರೆಯುವಂತಿಲ್ಲ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬೇಕು. ಪೂರ್ತಿ ಆರಿದ ಟಾಪಿನ ಮೇಲೆ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಬೇಕು. ಗಡಸಾದ ವಿನೈಲಿಗೆ ಕಳೆದುಹೋದ ಮೆತುವನ್ನು ಮರಳಿ ತುಂಬುತ್ತೇವೆ ಎನ್ನುವ ಡಬ್ಬಿಗಳ ಮಾತು ನಂಬತಕ್ಕದ್ದಲ್ಲ. ಹೋದದ್ದು ಹೋದಂತೆಯೇ, ಇರುವುದು ಹೋಗದಂತೆ ತಡೆಯಬಹುದು. ಅದಕ್ಕೆ ಯಾವ ದ್ರವಕ್ಕಿಂತಲೂ ನೆರಳು ಮೇಲು. ಶೆಡ್ ಇಲ್ಲದಿದ್ದರೆ ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು. ಪ್ಲಾಸ್ಟಿಕ್ ತಾಡಪಾಲನ್ನು ನೇರವಾಗಿ ಹೊದಿಸಿದರೆ ಬಿಸಿಯೂ ತೇವವೂ ಒಳಗೇ ಉಳಿಯುತ್ತವೆ. ಧೂಳಿನ ಟಾಪಿನ ಮೇಲೆ ಯಾವ ಹೊದಿಕೆ ಹಾಕಿದರೂ ಗಾಳಿಗೆ ಅಲುಗಾಡಿ ಗೀರುತ್ತದೆ. ಆಷಾಢದ ಗಾಳಿಯ ದಿನಗಳಲ್ಲಿ ಅದನ್ನು ಬಿಗಿಯಾಗಿ ಕಟ್ಟಲೇಬೇಕು.

ಬಣ್ಣ ಮಾಸಿ ಹಾಳೆ ಇನ್ನೂ ಬಾಗುತ್ತಿದ್ದರೆ ವಿನೈಲಿಗೆಂದೇ ಇರುವ ಬಣ್ಣ ಹೊಡೆಸಬಹುದು. ಬಿಟ್ಟುಕೊಂಡ ಹೊಲಿಗೆಗೆ ಹತ್ತಿ ನೂಲಿಗಿಂತ ಪಾಲಿಯೆಸ್ಟರ್ ನೂಲು ಬಾಳಿಕೆ. ಉದ್ದಕ್ಕೂ ಬಿರುಕು ಬಿಟ್ಟು ಒಳಗಿನ ಬಟ್ಟೆ ಕಂಡಿತೆಂದರೆ ಮಾತ್ರ ತೇಪೆಯ ಕಾಲ ಮುಗಿಯಿತು; ಹಳೆಯದನ್ನು ಕಿತ್ತು, ತಗಡಿನ ತುಕ್ಕು ಕೆರೆದು, ಪ್ರೈಮರ್ ಹೊಡೆಸಿ ಹೊಸ ಹಾಳೆ ಹಾಕಿಸಬೇಕು. ಅದಕ್ಕೂ ಕಾಲ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಅಂಟು ಹಾಳೆ ಎಳೆದು ಕೂರಿಸುವ ಮುಂಚೆಯೇ ಆರಿಬಿಡುತ್ತದೆ, ಗಾಳಿಗಾಲದಲ್ಲಿ ಹಚ್ಚಿದ ಅಂಟಿನ ಮೇಲೆ ಧೂಳು ಕೂತು ಹಾಳೆಯಡಿ ಗಂಟುಗಂಟಾಗುತ್ತದೆ. ದೀಪಾವಳಿ ಕಳೆದು ಸಂಕ್ರಾಂತಿಯವರೆಗಿನ ತಂಪಿನ, ಗಾಳಿ ಇಳಿದ ದಿನಗಳು ಈ ಕೆಲಸಕ್ಕೆ ಅನುಕೂಲ. ಆಗಲೂ ಹಾಳೆಯನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಹರಡಿ ಮೆತ್ತಗೆ ಮಾಡಿಕೊಂಡು, ಚಾವಣಿಯ ನಡುಮಧ್ಯದಿಂದ ಅಂಚಿನ ಕಡೆಗೆ ಗಾಳಿ ಉಳಿಯದಂತೆ ಒತ್ತುತ್ತ ಅಂಟಿಸಬೇಕು.