ಬಡಗಣ ದ್ವೀಪದಲ್ಲಿ ಹಕ್ಕಿಗಳ ಬೆನ್ನು ಹತ್ತಿ

ಬ್ರಿಟನ್ನಿನ ಭೂಪಟವನ್ನು ಹರಡಿಕೊಂಡು ದೃಷ್ಟಿಯನ್ನು ಬಡಗಣದತ್ತ ಓಡಿಸಿದರೆ, ಸ್ಕಾಟ್ಲೆಂಡಿನ ನೆಲ ಮುಗಿದ ಮೇಲೂ ಸಮುದ್ರದ ನಡುವೆ ಚೆಲ್ಲಿದ ಅವಲಕ್ಕಿಯಂತೆ ಕೆಲವು ಚುಕ್ಕೆಗಳು ಕಾಣಿಸುತ್ತವೆ. ಅದೇ ಶೆಟ್‌ಲೆಂಡ್ ದ್ವೀಪಸ್ತೋಮ. ಜಾಗ ಸಾಲದೆ ಅದನ್ನು ಭೂಪಟದ ಮೂಲೆಯಲ್ಲಿ ಬೇರೊಂದು ಚೌಕಟ್ಟಿನೊಳಗೆ ಕೂಡಿಸಿಬಿಡುವುದೂ ಉಂಟು. ಆ ಸ್ತೋಮದಲ್ಲಿ ಜನವಸತಿಯುಳ್ಳ ಅತ್ಯಂತ ಉತ್ತರದ ದ್ವೀಪ ಅನ್‌ಸ್ಟ್. ಅಬರ್ಡೀನ್ ಬಂದರಿನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ಲರ್ವಿಕ್ ಪಟ್ಟಣ. ಅಲ್ಲಿಂದ ಮೋಟಾರಿನಲ್ಲಿ ಉತ್ತರಕ್ಕೆ ಸಾಗಿ, ದೋಣಿಯೇರಿ ಯೆಲ್ ದ್ವೀಪ, ಅದನ್ನು ಉದ್ದಕ್ಕೂ ಹಾಯ್ದು ಮತ್ತೊಂದು ದೋಣಿ. ನಾವು ಮೂವರು 2024ರ ಜೂನ್ ತಿಂಗಳಿನಲ್ಲಿ ಅಲ್ಲಿಗೆ ಹೋದದ್ದು ಕಡಲ ಹಕ್ಕಿಗಳ ಛಾಯಾಚಿತ್ರಕ್ಕಾಗಿ.

ದ್ವೀಪದ ಬಡಗಣ ತುದಿಯೇ ಹರ್ಮನೆಸ್. 1955ರಿಂದ ಅದು ರಾಷ್ಟ್ರೀಯ ನಿಸರ್ಗಧಾಮ. ಮರವೆಂಬುದೇ ಇಲ್ಲದ ಜೌಗು ದಿಬ್ಬ, ಅದರಾಚೆ ಕಡಿದಾದ ಬಂಡೆಗೋಡೆ, ಅದರ ಬುಡದಲ್ಲಿ ಅಟ್ಲಾಂಟಿಕ್ ಸಾಗರದ ಅಬ್ಬರ. ಇನ್ನೂ ಮುಂದೆ ಮಕ್ಲ್ ಫ್ಲಗ್ಗ ಎಂಬ ಬಂಡೆಯ ಮೇಲೊಂದು ದೀಪಸ್ತಂಭ. 1858ರಲ್ಲಿ ಪೂರ್ಣಗೊಂಡ ಅದನ್ನು ಕಟ್ಟಿದ ಸೋದರರಲ್ಲಿ ಒಬ್ಬನಾದ ಥಾಮಸ್ ಸ್ಟೀವನ್‌ಸನ್, ‘ಟ್ರೆಷರ್ ಐಲೆಂಡ್’ ಬರೆದ ಕಾದಂಬರಿಕಾರನ ತಂದೆ.

ಜೂನ್ ತಿಂಗಳಿನಲ್ಲಿ ಇಲ್ಲಿ ರಾತ್ರಿಯೆಂಬುದು ಹೆಸರಿಗೆ ಮಾತ್ರ. ಹತ್ತೂವರೆಯ ವೇಳೆಗೆ ಮುಳುಗಿದ ಸೂರ್ಯ ನಾಲ್ಕಕ್ಕೆ ಮೊದಲೇ ಮತ್ತೆ ಮೂಡುತ್ತಾನೆ. ನಡುವೆ ಉಳಿಯುವ ಬೂದುಬೆಳಕಿಗೆ ಸ್ಥಳೀಯರು ‘ಸಿಮ್ಮರ್ ಡಿಮ್’ ಎನ್ನುತ್ತಾರೆ. ಮುಂಜಾನೆ ಮತ್ತು ಮುಸ್ಸಂಜೆಯ ಇಳಿಬೆಳಕಿಗಾಗಿ ಹಾತೊರೆಯುವ ಛಾಯಾಗ್ರಾಹಕನಿಗೆ ಇದು ಹಬ್ಬ. ಅವನ ನಿದ್ದೆಗೆ ಮಾತ್ರ ಶ್ರಾದ್ಧ!

ತಲೆಯ ಮೇಲಿನ ದಾಳಿ

ದಿಬ್ಬವೇರುವ ದಾರಿ ಸ್ಕುವಾಗಳ ರಾಜ್ಯ. ‘ಬಾಂಕ್ಸಿ’ ಎಂಬುದು ಅದಕ್ಕೆ ಇಲ್ಲಿಯವರಿಟ್ಟ ಹೆಸರು. ರೆಕ್ಕೆಯ ಹರವು ನಮ್ಮೂರ ಹದ್ದಿನಷ್ಟು, ತೂಕ ಅದಕ್ಕಿಂತ ಹೆಚ್ಚು, ಧೈರ್ಯ ಅದರ ಹತ್ತು ಪಾಲು. ತಾನಾಗಿ ಮೀನು ಹಿಡಿಯುವುದಕ್ಕಿಂತ ಇತರ ಹಕ್ಕಿಗಳನ್ನು ಗಾಳಿಯಲ್ಲೇ ಅಟ್ಟಿಸಿಕೊಂಡು ಹೋಗಿ, ರೆಕ್ಕೆ ಹಿಡಿದೆಳೆದು, ನುಂಗಿದ್ದನ್ನೂ ಕಕ್ಕಿಸುವುದು ಅದಕ್ಕೆ ಇಷ್ಟ. ಗೂಡಿನ ಬಳಿಗೆ ಮನುಷ್ಯ ಬಂದರೆ ನೇರವಾಗಿ ಅವನ ತಲೆಯ ಮೇಲೆರಗುತ್ತದೆ. ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದರೆ ಪೆಟ್ಟು ಕೋಲಿಗೆ ಬೀಳುತ್ತದೆ.

ಎರಗಿ ಬರುವ ಸ್ಕುವಾದ ಚಿತ್ರ ಯಾರಿಗೆ ಬೇಡ? ಆದರೆ ಅದು ಎರಗುತ್ತಿರುವಷ್ಟು ಹೊತ್ತೂ ಅದರ ಮೊಟ್ಟೆಯೋ ಮರಿಯೋ ಚಳಿಗಾಳಿಗೆ ಮೈಯೊಡ್ಡಿರುತ್ತದೆ. ನಿಸರ್ಗಧಾಮದವರು ಹಾಸಿರುವ ಹಲಗೆಯ ದಾರಿಯನ್ನು ಬಿಟ್ಟಿಳಿಯದಿದ್ದರೆ ಆ ಚಿತ್ರ ಸಿಕ್ಕುವುದು ದುರ್ಲಭ. ನಾವು ಇಳಿಯಲಿಲ್ಲ, ಕೊಳದಲ್ಲಿ ಮೀಯುತ್ತಿದ್ದ ಎರಡು ಹಕ್ಕಿಗಳನ್ನು ದೂರದಿಂದಲೇ ಸೆರೆಹಿಡಿದು ಮುಂದೆ ನಡೆದೆವು.

ಈ ಸಂಯಮಕ್ಕೆ ಕಾರಣವಿದೆ. ಜಗತ್ತಿನ ಈ ಜಾತಿಯ ಸ್ಕುವಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮರಿಮಾಡುವುದು ಸ್ಕಾಟ್ಲೆಂಡಿನಲ್ಲಿ. ಮೊಟ್ಟೆ ಮತ್ತು ಚರ್ಮ ಸಂಗ್ರಹಿಸುವವರ ಹಾವಳಿಯಿಂದ ಒಮ್ಮೆ ಹರ್ಮನೆಸ್ಸಿನಲ್ಲಿ ಕೆಲವೇ ಜೋಡಿಗಳು ಉಳಿದಿದ್ದಾಗ, 1831ರಲ್ಲಿ, ಆ ನೆಲದ ಒಡೆಯರಾದ ಎಡ್ಮಂಡ್‌ಸ್ಟನ್ ಮನೆತನದವರು ಅವುಗಳ ರಕ್ಷಣೆಗೆ ನಿಂತರು. ಸಂತತಿ ನಿಧಾನವಾಗಿ ಹಬ್ಬಿತು. ಅಷ್ಟರಲ್ಲಿ, 2021ರಲ್ಲಿ ಸುಳಿವು ಕೊಟ್ಟ ಹಕ್ಕಿಜ್ವರ ಮರುವರ್ಷದ ಬೇಸಿಗೆಯಲ್ಲಿ ಮಾರಿಯಂತೆ ಎರಗಿತು. ಹೆಣ ತಿನ್ನುವ ಸ್ವಭಾವ, ಸಿಹಿನೀರಿನ ಕೊಳಗಳಲ್ಲಿ ಗುಂಪುಗೂಡಿ ಮೀಯುವ ಅಭ್ಯಾಸ, ಇವೆರಡೂ ರೋಗಕ್ಕೆ ಹಾದಿ ಮಾಡಿಕೊಟ್ಟಿರಬೇಕೆಂದು ತಜ್ಞರ ಊಹೆ. 2023ರಲ್ಲಿ ಮತ್ತೆ ಎಣಿಸಿ ನೋಡಿದ ಬ್ರಿಟನ್ನಿನ ತಾಣಗಳಲ್ಲಿ ಸ್ಕುವಾಗಳು ಶೇಕಡ 76ರಷ್ಟು ಕಡಿಮೆಯಾಗಿದ್ದುವು. ಕೋಲು ಹಿಡಿದು ಸಿದ್ಧರಾಗಿ ಹೋದ ನಮ್ಮ ಮೇಲೆ ಒಂದು ಹಕ್ಕಿಯೂ ಎರಗಲಿಲ್ಲ. ಅದು ನೆಮ್ಮದಿಯ ವಿಷಯವೆಂದು ನನಗೆ ಅನ್ನಿಸಲಿಲ್ಲ.

ಮೀನು ಕಚ್ಚಿದ ವಿದೂಷಕ

ಬಂಡೆಗೋಡೆಯ ಅಂಚಿನ ಹುಲ್ಲಿನಲ್ಲಿ ಪಫಿನ್‌ಗಳು. ಚಿತ್ರದಲ್ಲಿ ನೋಡಿದವರು ಇದನ್ನು ಬಾತಿನಷ್ಟಾದರೂ ದೊಡ್ಡದೆಂದು ಭಾವಿಸುತ್ತಾರೆ. ನಿಜವಾಗಿ ಅದು ಪಾರಿವಾಳಕ್ಕಿಂತ ತುಸು ದಪ್ಪ, ಅಷ್ಟೆ. ಕರಿಯ ನಿಲುವಂಗಿ, ಬಿಳಿಯ ಎದೆ, ನಾಟಕದ ವಿದೂಷಕನಂತೆ ಬಣ್ಣ ಬಳಿದ ಕೊಕ್ಕು. ಬೇಸಿಗೆ ಕಳೆದೊಡನೆ ಕೊಕ್ಕಿನ ಬಣ್ಣದ ಹೊರಪದರ ಉದುರಿಹೋಗುತ್ತದೆ. ನೆಲದೊಳಗಿನ ಬಿಲದಲ್ಲಿ ಒಂದೇ ಮೊಟ್ಟೆ. ನಾಲಗೆಯ ಮೇಲೂ ಅಂಗುಳಿನಲ್ಲೂ ಇರುವ ಮುಳ್ಳುಗಳ ನೆರವಿನಿಂದ, ಹಿಡಿದ ಮೀನುಗಳನ್ನು ಕೊಕ್ಕಿಗೆ ಅಡ್ಡಲಾಗಿ ಸಿಕ್ಕಿಸಿಕೊಂಡೇ ಮತ್ತಷ್ಟನ್ನು ಹಿಡಿಯಬಲ್ಲುದು.

ಬಾಯ್ತುಂಬ ಮೀನು ಹೊತ್ತ ಪಫಿನ್ನಿನ ಚಿತ್ರವಿಲ್ಲದೆ ಹಿಂದಿರುಗಲು ಯಾರಿಗೂ ಮನಸ್ಸಾಗದು. ಆದರೆ ಛಾಯಾಗ್ರಾಹಕ ಅರಿಯದೆ ಹಕ್ಕಿಗೂ ಬಿಲಕ್ಕೂ ನಡುವೆ ಕುಳಿತನೋ, ಅದು ಇಳಿಯದೆ ಸುತ್ತು ಹಾಕತೊಡಗುತ್ತದೆ. ಒಂದೆರಡು ಸುತ್ತಿನಲ್ಲೇ ಸ್ಕುವಾವೋ ಕಡಲಕಾಗೆಯೋ ಬಂದು ಮೀನನ್ನು ಕಸಿಯಬಹುದು. ಬಿಲದೊಳಗಿನ ಮರಿಗೆ ಆ ಹೊತ್ತಿನ ಊಟ ತಪ್ಪಿತು. ಪಕ್ಕಕ್ಕೆ ಸರಿದು, ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಅಲುಗಾಡದಿದ್ದರೆ ಪಫಿನ್ ತಾನಾಗಿ ಹತ್ತಿರ ಬಂದು ನಮ್ಮನ್ನೇ ಪರೀಕ್ಷಿಸುತ್ತದೆ.

ಇಂಥ ಚಿತ್ರಗಳಿಂದ ಹಕ್ಕಿಗೇನು ಲಾಭ ಎಂದು ಕೇಳುವವರಿದ್ದಾರೆ. 2017ರಲ್ಲಿ ಬ್ರಿಟನ್ನಿನ ಪಕ್ಷಿಸಂರಕ್ಷಣಾ ಸಂಘ ಮೀನು ಕಚ್ಚಿದ ಪಫಿನ್‌ಗಳ ಚಿತ್ರಗಳನ್ನು ಸಾರ್ವಜನಿಕರಿಂದ ಕೇಳಿತು. 602 ಮಂದಿ 1,402 ಚಿತ್ರಗಳನ್ನು ಕಳುಹಿಸಿದರು. ಕೊಕ್ಕಿನೊಂದಿಗೆ ಹೋಲಿಸಿ ಮೀನಿನ ಗಾತ್ರವನ್ನು ಅಳೆದಾಗ, ಹಕ್ಕಿಯ ಸಂಖ್ಯೆ ಕುಗ್ಗುತ್ತಿದ್ದ ಶೆಟ್‌ಲೆಂಡಿನಂಥ ಕಡೆಗಳಲ್ಲಿ ತಾಯ್ತಂದೆಗಳು ತರುತ್ತಿದ್ದ ಮೀನುಗಳೂ ಚಿಕ್ಕವೆಂದು ತಿಳಿದುಬಂತು. ಪಫಿನ್ನಿನ ಮುಖ್ಯ ಆಹಾರವಾದ ಮರಳುಮೀನಿನ ಬೇಟೆಯನ್ನು 2024ರ ಮಾರ್ಚಿಯಲ್ಲಿ ಸ್ಕಾಟ್ಲೆಂಡ್ ತನ್ನ ಕಡಲಿನಲ್ಲಿ ನಿಲ್ಲಿಸಿತು.

ಮರೆಯೂ ಕಾನೂನೂ

ಹಕ್ಕಿಗಳ ಚಿತ್ರಕಲೆಗೆ ಬ್ರಿಟನ್ನಿನಲ್ಲಿ ದೊಡ್ಡ ಪರಂಪರೆಯೇ ಇದೆ. 1892ರಲ್ಲಿ ಹಕ್ಕಿಗೂಡಿನ ಚಿತ್ರ ತೆಗೆದು ಹೆಸರಾದ ಕಿಯರ್ಟನ್ ಸಹೋದರರು, ಭಾರವಾದ ಕ್ಯಾಮೆರಾ ಹೊತ್ತು 1896ರಲ್ಲಿ ದೂರದ ಸೇಂಟ್ ಕಿಲ್ಡಾ ದ್ವೀಪಕ್ಕೂ ಹೋಗಿದ್ದರು. ಹಕ್ಕಿಗೆ ಅನುಮಾನ ಬಾರದಿರಲೆಂದು ಟೊಳ್ಳಾದ ಕೃತಕ ಎತ್ತನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕುಳಿತು ಚಿತ್ರ ತೆಗೆದ ಪ್ರಚಂಡರು ಅವರು! ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಉಗುರಿನ ಪೆಟ್ಟಿಗೆ ಒಂದು ಕಣ್ಣನ್ನೇ ಕಳೆದುಕೊಂಡರೂ ಕ್ಯಾಮೆರಾ ಬಿಡಲಿಲ್ಲ.

ಈಗ ನಿಯಮಗಳು ಬಿಗಿಯಾಗಿವೆ. 1981ರ ವನ್ಯಜೀವಿ ಕಾಯಿದೆಯ ಪಟ್ಟಿಯಲ್ಲಿರುವ ಹಕ್ಕಿಗಳಿಗೆ ಗೂಡಿನ ಬಳಿ ತೊಂದರೆಯಾಗುವಂತಿದ್ದರೆ ಪರವಾನಗಿಯಿಲ್ಲದೆ ಚಿತ್ರ ತೆಗೆಯುವಂತಿಲ್ಲ. ಇಲ್ಲಿನ ಕೊಳಗಳ ಅಂಚಿನಲ್ಲಿ ಮೊಟ್ಟೆಯಿಡುವ ಕೆಂಗೊರಳ ಮುಳುಗುಹಕ್ಕಿ ಅಂಥದೊಂದು. ಅದರ ಕೂಗು ಮಳೆಯ ಸೂಚನೆಯೆಂದು ದ್ವೀಪದವರ ನಂಬಿಕೆ. ಮನುಷ್ಯನ ನೆರಳು ಕಂಡೊಡನೆ ಅದು ಸದ್ದಿಲ್ಲದೆ ನೀರಿಗಿಳಿಯುತ್ತದೆ. ಮೊಟ್ಟೆ ಸ್ಕುವಾದ ಪಾಲಾಗುತ್ತದೆ. ನೆರೆಯ ಫೆಟ್ಲರ್ ದ್ವೀಪದ ಪುಟ್ಟ ಫಲರೋಪ್ ಹಕ್ಕಿಯೂ ಆ ಪಟ್ಟಿಯಲ್ಲಿದೆ. ಅದೇ ಜಾತಿಯ ಬೇರೆ ನಾಡಿನ ಹಕ್ಕಿಗಳು ಚಳಿಗಾಲವನ್ನು ನಮ್ಮ ಅರಬ್ಬೀ ಸಮುದ್ರದಲ್ಲಿ ಕಳೆಯುತ್ತವೆ. ಆದರೆ 2012ರಲ್ಲಿ ಸಣ್ಣ ಯಂತ್ರ ಕಟ್ಟಿ ಬಿಟ್ಟ ಫೆಟ್ಲರಿನ ಹಕ್ಕಿಯೊಂದು ಅಟ್ಲಾಂಟಿಕ್ ದಾಟಿ ಶಾಂತಸಾಗರವನ್ನು ಸೇರಿ, ಸುಮಾರು ಹದಿನಾರು ಸಾವಿರ ಮೈಲಿ ಸುತ್ತಿ ಹಿಂದಿರುಗಿತು.

ಬಂಡೆಯ ಮೇಲಿನ ಬಿಳಿಯ ಊರು

ಗ್ಯಾನೆಟ್ಟುಗಳ ಬಂಡೆಯನ್ನು ಕಣ್ಣಿಗಿಂತ ಮೊದಲು ಮೂಗೇ ಪತ್ತೆಮಾಡುತ್ತದೆ. ಹಿಕ್ಕೆಯಿಂದ ಸುಣ್ಣ ಬಳಿದಂತಾದ ಗೋಡೆಗಳ ಮೇಲೆ ಸಾವಿರಾರು ಜೋಡಿಗಳು, ಒಂದರ ಕೊಕ್ಕು ಇನ್ನೊಂದಕ್ಕೆ ತಾಗದಷ್ಟೇ ಅಂತರದಲ್ಲಿ. ಸುಮಾರು ಆರಡಿ ರೆಕ್ಕೆಹರವಿನ ಈ ಬಿಳಿಯ ಹಕ್ಕಿ, ನೂರಡಿ ಎತ್ತರದಿಂದ ರೆಕ್ಕೆ ಮಡಿಸಿ ಬಾಣದಂತೆ ನೀರಿಗೆರಗುವ ನೋಟ ಮರೆಯಲಾಗದ್ದು. ಚಿತ್ರ ತೆಗೆಯುವುದು ಮಾತ್ರ ಕಷ್ಟ. ಹಿನ್ನೆಲೆಯ ಕರಿಬಂಡೆಯನ್ನು ನೋಡಿ ಕ್ಯಾಮೆರಾ ಬೆಳಕನ್ನು ಹೆಚ್ಚಿಸಿತೆಂದರೆ ಗರಿಗಳ ವಿವರವೆಲ್ಲ ಅಳಿಸಿ ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ. ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದ ವೇಗವೂ ಬೇಕು.

ಈ ಗುಂಪಿನ ನಡುವೆ ದಕ್ಷಿಣಾರ್ಧಗೋಳದ ಕರಿಹುಬ್ಬಿನ ಆಲ್ಬಟ್ರಾಸ್ ಒಂದು ದಾರಿತಪ್ಪಿ ಬಂದು, 1972ರಿಂದ 1995ರವರೆಗೆ ಬಹುತೇಕ ಪ್ರತಿ ಬೇಸಿಗೆಯಲ್ಲೂ ಕಾಣಿಸಿಕೊಂಡಿತು. ಅದನ್ನು ನೋಡಲೆಂದೇ ಜನ ಈ ದಿಬ್ಬ ಹತ್ತಿ ಬಂದರು. ಜೊತೆಗಾತಿ ಮಾತ್ರ ಬರಲಿಲ್ಲ.

ಹಕ್ಕಿಯ ಚಿತ್ರದಲ್ಲಿ ಮೊದಲು ಸ್ಫುಟವಾಗಬೇಕಾದದ್ದು ಕಣ್ಣು. ಆರೋಗ್ಯವಾದ ಗ್ಯಾನೆಟ್ಟಿನ ಪಾಪೆಯ ಸುತ್ತ ತಿಳಿನೀಲಿಯ ಬಳೆಯೊಂದಿರುತ್ತದೆ. ಹಕ್ಕಿಜ್ವರದ ಹಾವಳಿ ನಡೆದ 2022ರಲ್ಲಿ, ಆ ಬಳೆ ಮಸಿಯಂತೆ ಕಪ್ಪಾಗಿದ್ದ ಹಕ್ಕಿಗಳು ಅಲ್ಲಲ್ಲಿ ಕಾಣಿಸಿಕೊಂಡುವು. ಎಡಿನ್‌ಬರೋ ಬಳಿಯ ಬಾಸ್ ರಾಕ್ ದ್ವೀಪದಲ್ಲಿ ವಿಜ್ಞಾನಿಗಳು ರಕ್ತ ಪರೀಕ್ಷಿಸಿದಾಗ, ಕರಿಗಣ್ಣಿನ ಹಕ್ಕಿಗಳಲ್ಲಿ ಹೆಚ್ಚಿನವು ಆ ರೋಗಕ್ಕೆ ಸಿಕ್ಕಿಯೂ ಬದುಕುಳಿದವೆಂದು ಗೊತ್ತಾಯಿತು. ಬ್ರಿಟನ್ನಿನ ಗ್ಯಾನೆಟ್ಟುಗಳು ಆ ಮಾರಿಯ ತರುವಾಯ, ಎಣಿಸಿದ ತಾಣಗಳಲ್ಲಿ, ಶೇಕಡ 25ರಷ್ಟು ತಗ್ಗಿದ್ದುವು.

ಅಂದು ರಾತ್ರಿ ವಸತಿಗೃಹದಲ್ಲಿ, ಇನ್ನೂ ಆರದ ಬೆಳಕಿನಲ್ಲಿ, ತೆಗೆದ ಚಿತ್ರಗಳನ್ನು ಒಂದೊಂದಾಗಿ ಹಿಗ್ಗಿಸಿ ಕಣ್ಣುಗಳನ್ನು ನೋಡುತ್ತ ಹೋದೆವು. ಕಣ್ಣು ಸ್ಪಷ್ಟವಾಗಿ ಮೂಡಿದ್ದ ಚಿತ್ರಗಳು ನಲವತ್ತೊಂದು. ಅವುಗಳಲ್ಲಿ ಎರಡು ಹಕ್ಕಿಗಳ ಕಣ್ಣು ಪೂರ್ತಿ ಕಪ್ಪಾಗಿತ್ತು. ಅವೆರಡರಲ್ಲಿ ಒಂದರ ಹೊಟ್ಟೆಯಡಿಯಿಂದ ಮರಿಯೊಂದು ತಲೆ ಹೊರಗಿಟ್ಟಿತ್ತು.