ಎರಡು ಹೊಳೆ, ಎರಡು ಸೇತುವೆ

ಹಂಪಿಗೆ ಹೋದವರಲ್ಲಿ ಹೆಚ್ಚಿನವರು ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಕಮಲ ಮಹಲುಗಳನ್ನು ನೋಡಿ ಸಂಜೆಯೊಳಗೆ ಹೊಸಪೇಟೆಗೆ ಮರಳುತ್ತಾರೆ. ತಳವಾರಘಟ್ಟದ ಹೊಳೆದಂಡೆಗೆ ಹೋಗುವವರು ಕಡಿಮೆ. ನನ್ನನ್ನು ಕೇಳಿದರೆ, ವಿಶ್ವ ಪರಂಪರೆ ತಾಣವೆಂದರೆ ಏನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಯುನೆಸ್ಕೊ ಹಂಪಿಯನ್ನು ಪಟ್ಟಿಗೆ ಸೇರಿಸಿದ್ದು 1986ರಲ್ಲಿ. 1999ರಲ್ಲಿ ಅದೇ ಹಂಪಿ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೂ ಸೇರಿತು. ಕಾರಣ, ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಎರಡು ಸೇತುವೆಗಳು. ಬಂಡೆಗುಡ್ಡ, ಹೊಳೆ, ಗುಡಿ ಮೂರೂ ಸೇರಿದ ನೋಟಕ್ಕೆ ಅವು ಧಕ್ಕೆ ತರುತ್ತವೆ, ವಾಹನಗಳ ಓಡಾಟವನ್ನು ಹಂಪಿಯೊಳಕ್ಕೇ ಎಳೆಯುತ್ತವೆ ಎಂಬ ಆತಂಕವಿತ್ತು. ಆದರೆ ತಳವಾರಘಟ್ಟದ ಆಚೆ ದಡದ ಆನೆಗೊಂದಿಯವರ ಪಾಡೂ ಸಣ್ಣದಾಗಿರಲಿಲ್ಲ. ಅಲ್ಲಿಯವರು ಹರಿಗೋಲಿನಲ್ಲಿ ಹೊಳೆ ದಾಟಬೇಕಿತ್ತು, ನೆರೆ ಬಂದರೆ ಅದೂ ನಿಲ್ಲುತ್ತಿತ್ತು. ನೋಡಲು ಬರುವ ನಮಗೆ ಹರಿಗೋಲು ಚೆಂದ. ಹೆರಿಗೆ ನೋವಿನ ಹೆಂಗಸನ್ನು ಆಚೆ ದಡಕ್ಕೆ ಸಾಗಿಸಬೇಕಾದವರಿಗೆ ಅದು ಚೆಂದವಲ್ಲ. ಈ ಮಾತನ್ನು ಬಿಟ್ಟು ಪರಂಪರೆಯ ಬಗ್ಗೆ ಬರೆಯುವುದು ಸರಿಯಲ್ಲ ಎಂದೇ ನನ್ನ ನಂಬಿಕೆ.

2006ರಲ್ಲಿ ಲಿಥುವೇನಿಯದ ವಿಲ್ನಿಯಸ್‌ನಲ್ಲಿ ವಿಶ್ವ ಪರಂಪರೆ ಸಮಿತಿ ಸಭೆ ಸೇರಿ ಹಂಪಿಯನ್ನು ಅಪಾಯದ ಪಟ್ಟಿಯಿಂದ ಕೈಬಿಟ್ಟಿತು. ಅದೇ ಸಭೆ ಇನ್ನೊಂದು ತಾಣವನ್ನು ಆ ಪಟ್ಟಿಗೆ ಸೇರಿಸಿತು: ಜರ್ಮನಿಯ ಡ್ರೆಸ್ಡನ್ ಎಲ್ಬೆ ಕಣಿವೆ. ಅಲ್ಲಿಯೂ ಕಾರಣ ಸೇತುವೆಯೇ.

ಎಲ್ಬೆ ನದಿಯ ಗುಂಟ ಸುಮಾರು 18 ಕಿ.ಮೀ. ಉದ್ದಕ್ಕೆ ಅರಮನೆ, ದ್ರಾಕ್ಷಿತೋಟ, ನದಿಯಂಚಿನ ಹಸಿರು ಬಯಲು ಒಂದಕ್ಕೊಂದು ಹೊಂದಿಕೊಂಡಿವೆ. 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಈ ಇಡೀ ಭೂದೃಶ್ಯ. ಅದರ ನಟ್ಟನಡುವೆ ನಾಲ್ಕು ಪಥದ ಸೇತುವೆ ಬೇಕೆಂದು ಊರವರು 2005ರ ಜನಮತ ಗಣನೆಯಲ್ಲಿ ತೀರ್ಮಾನಿಸಿದ್ದರು. ಸುರಂಗ ಕೊರೆಯಿರಿ ಎಂಬ ಸಲಹೆ ನಡೆಯಲಿಲ್ಲ. 2009ರಲ್ಲಿ ಡ್ರೆಸ್ಡನ್ ಹೆಸರು ಪಟ್ಟಿಯಿಂದಲೇ ಅಳಿಸಿಹೋಯಿತು. ಇತ್ತ ಹಂಪಿಯಲ್ಲಿ ಆ ವರ್ಷದ ಜನವರಿಯಲ್ಲೇ, ಆ ಎರಡು ಸೇತುವೆಗಳಲ್ಲೊಂದಾದ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗ ಕುಸಿದು, ಕೂಲಿಕಾರರ ಜೀವ ಹೋಯಿತು.

ಈ ಎರಡೂ ಊರುಗಳಿಗೆ ಹೋಗುವವರು ಕಟ್ಟಡಗಳಿಗಷ್ಟೇ ಸಮಯ ಮೀಸಲಿಡಬಾರದು. ಡ್ರೆಸ್ಡನ್‌ನಲ್ಲಿ ಹಳೆಯ ಉಗಿದೋಣಿ ಹತ್ತಿ ಪಿಲ್‌ನಿಟ್ಸ್ ಅರಮನೆಯವರೆಗೆ ಹೋದರೆ, 2013ರಲ್ಲಿ ತೆರೆದ ಆ ಸೇತುವೆಯ ಕೆಳಗೇ ಸಾಗುತ್ತೀರಿ; ಅದು ನೋಟವನ್ನು ಕೆಡಿಸಿತೋ ಇಲ್ಲವೋ ನೀವೇ ಹೇಳಬಹುದು. ಹಂಪಿಯಲ್ಲಿ ಮಾತಂಗ ಬೆಟ್ಟ ಹತ್ತಿ, ಹೊಳೆ ಯಾವ ಬಂಡೆಗಳ ನಡುವೆ ಹೇಗೆ ತಿರುಗುತ್ತದೆಂದು ಗಮನಿಸಿ. ವಿಜಯನಗರದವರು ರಾಜಧಾನಿಗೆ ಈ ಜಾಗವನ್ನೇ ಯಾಕೆ ಆರಿಸಿಕೊಂಡರೆಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಒಂದು ದಿನವನ್ನು ಆನೆಗೊಂದಿಗೇ ಕೊಡಿ, ಅಲ್ಲಿನ ಹಿರಿಯರನ್ನು ಮಾತಾಡಿಸಿ. ಹೊಳೆ ದಾಟುವ ಕಷ್ಟವನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.